ದುಂಡುಮಲ್ಲಿಗೆ ಹರಿದವರು ಯಾರು

ಎಪ್ಪತ್ತರ ದಶಕದ ಕೊನೆಯಲ್ಲಿ ನನಗೆ ಶಿರಹಟ್ಟಿಯ ಪ್ರಾಥಮಿಕ ಶಾಲೆಯಲ್ಲಿ ನೌಕರಿ ಸಿಕ್ಕಿತು. ನಮ್ಮ ಮನೆ ಬೆಟಗೇರಿಯಲ್ಲಿ. ನೇಕಾರರ ಮನೆ, ಅಂಗಳದಿಂದ ಅಡುಗೆಮನೆಯ ತನಕ ಮಗ್ಗವೇ. ಹೂವಿನ ಗಿಡ ಇರಲಿ, ತುಳಸಿಗೇ ಜಾಗ ಸಾಲುತ್ತಿರಲಿಲ್ಲ. ಹಾಗಾಗಿ ಶಿರಹಟ್ಟಿಯಲ್ಲಿ ಬಾಡಿಗೆಗೆ ಸಿಕ್ಕ ಕೋಣೆಯ ಹಿಂಬಾಗಿಲು ತೆರೆದು ಹಿತ್ತಲು ನೋಡಿದಾಗ, ಕೋಣೆ ಹೇಗಿದೆ ಎಂದು ನೋಡುವುದನ್ನೇ ಮರೆತೆ.

ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ ದೊಡ್ಡದೊಂದು ದುಂಡುಮಲ್ಲಿಗೆಯ ಪೊದೆ. ಅದರಾಚೆ ಅಬ್ಬಲಿಗೆ, ತೆಳುಗೆಂಪಿನ ಗುಲಾಬಿ, ಗೋಡೆಯ ಮೂಲೆಗೆ ಒಂದು ನಿಂಬೆ. ಮನೆಯ ಒಡತಿ ಐವತ್ತು ದಾಟಿದ ಹೆಂಗಸು. ಆಕೆಯನ್ನು ಓಣಿಯವರೆಲ್ಲ ಚಾಚಿ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಗಂಡ ಚಾಚಾ ಹತ್ತಿ ಹಿಂಜಿ ಗಾದಿ ಹೊಲಿಯುವವರು. ಬಜಾರಿನಲ್ಲಿ ಸಣ್ಣ ಅಂಗಡಿ.

ನಮ್ಮ ಕಡೆ ಶಾಲೆಯ ಶಿಕ್ಷಕಿಯರನ್ನು ಅಕ್ಕಾರು ಎನ್ನುತ್ತಾರೆ. ಮೊದಲ ದಿನವೇ ಚಾಚಿ ಹೇಳಿದರು: "ಅಕ್ಕಾರ, ಹೂವು ನೋಡ್ರಿ, ಬಗ್ಗಿ ಮೂಸ್ರಿ, ನನ್ನ ತಕರಾರಿಲ್ಲ. ಕೈ ಮಾತ್ರ ಹಚ್ಚಬ್ಯಾಡ್ರಿ."

ನಾನು ಕೈ ಹಚ್ಚಲಿಲ್ಲ. ಚಳಿ ಹೋಗಿ ಬೇವು ಚಿಗುರುವ ಹೊತ್ತಿಗೆ ಮಲ್ಲಿಗೆ ಮೊಗ್ಗು ಬಿಡತೊಡಗಿತು. ಬಿಸಿಲಿನ ದಿನಗಳಾದ್ದರಿಂದ ಶಾಲೆ ಮುಂಜಾನೆಯೇ ಮುಗಿಯುತ್ತಿತ್ತು. ಮಧ್ಯಾಹ್ನ ಊಟ ಮಾಡಿ ಹಿಂಬಾಗಿಲ ಹೊಸ್ತಿಲಲ್ಲಿ ಕೂತು ಮಕ್ಕಳ ನೋಟುಬುಕ್ಕು ತಿದ್ದುತ್ತಿದ್ದೆ. ನಿಂಬೆಯ ಹೂವಿಗೆ ಮುತ್ತುವ ಜೇನುಹುಳಗಳ ಸದ್ದು, ಒದ್ದೆ ಮಣ್ಣಿನ ತಂಪು. ನನ್ನ ಇಪ್ಪತ್ತೆರಡು ವರ್ಷದಲ್ಲಿ ಅಂಥ ಸುಖ ಕಂಡಿರಲಿಲ್ಲ.

ಆ ಸುಖಕ್ಕೆ ಹುಳಿ ಬಿದ್ದದ್ದು ಒಂದು ಸಂಜೆ. ಬುಟ್ಟಿ ಹಿಡಿದು ಹೂವು ಹರಿಯಲು ಬಂದ ಚಾಚಿ ಪೊದೆಯ ಮುಂದೆ ಸುಮ್ಮನೆ ನಿಂತುಬಿಟ್ಟರು. ನಿನ್ನೆ ಬಲಿತಿದ್ದ ಮೊಗ್ಗುಗಳು ಇರಲಿಲ್ಲ. ಅವರು ಗಿಡ ನೋಡಿದರು, ಗೋಡೆ ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಮಧ್ಯಾಹ್ನ ಇಲ್ಲೇ ಕುಂತಿದ್ರೆಲ್ರೀ?"

"ಹೌದ್ರಿ ಚಾಚಿ. ಯಾರೂ ಬಂದಿಲ್ಲ."

"ಅದನ್ನ ಅನ್ನಾಕತ್ತೀನಿ. ಯಾರೂ ಬಂದಿಲ್ಲ."

ಮರುದಿನವೂ ಹಾಗೇ, ಅದರ ಮರುದಿನವೂ. ಚಾಚಿ ನೇರವಾಗಿ ಏನೂ ಅನ್ನಲಿಲ್ಲ. ಆದರೆ ನಾನು ಹೊಸ್ತಿಲಿಗೆ ಬಂದರೆ ಅವರ ಕಿಟಕಿಯ ಪರದೆ ಅಲುಗುತ್ತಿತ್ತು. ನಾನು ಸ್ನಾನಕ್ಕೆ ಹೋದಾಗ ಕೋಣೆಯ ಮುಂದೆ ಚಪ್ಪಲಿಯ ಸದ್ದು. ಒಂದು ಶುಕ್ರವಾರ ಎಂದಿನಂತೆ ಬಜಾರಿನಲ್ಲಿ ಮಾಲೆ ಕೊಂಡು ಮುಡಿದು ಬಂದೆ. ಚಾಚಿ ಅಡ್ಡ ನಿಂತು ನನ್ನ ಹೆರಳಿಗೇ ಮೂಗು ತಂದರು.

"ಎಲ್ಲಿಂದ ತಂದ್ರಿ?"

"ಬಜಾರದಾಗ."

"ಬಜಾರದ ಹೂವು ಇಷ್ಟೊತ್ತನಾ ಹಿಂಗ ಘಮಘಮ ಅನ್ನಂಗಿಲ್ಲ. ಖರೆ ಹೇಳ್ರಿ."

ಸಿಟ್ಟಿನಿಂದ ನನ್ನ ಕಿವಿ ಕಾದವು. ಅಂದಿನಿಂದ ಹೂವು ಮುಡಿಯುವುದನ್ನೇ ಬಿಟ್ಟೆ. ಬಿಟ್ಟದ್ದೂ ತಪ್ಪಾಯಿತು. "ಮದಲ ದಿನಾ ಮುಡೀತಿದ್ರು, ಈಗ್ಯಾಕ ಬಿಟ್ರೋ" ಎಂದು ಚಾಚಿ ಪಕ್ಕದ ಮನೆಯವಳ ಹತ್ತಿರ ಅನ್ನುವುದು ಗೋಡೆಯಾಚೆಯಿಂದ ಕೇಳಿಸಿತು. ನನಗೂ ಸಂಶಯ ಶುರುವಾಯಿತು. ನನ್ನನ್ನು ಬಿಡಿಸಿ ಬೇರೆ ಯಾರನ್ನೋ ಇಡಬೇಕೆಂದು ಈಕೆಯೇ ಹರಿದು ಮುಚ್ಚಿಡುತ್ತಿರಬಹುದೇ? ಪಕ್ಕದವಳ ಹೆರಳಿನ ಮೇಲೆ ಕಣ್ಣಿಟ್ಟೆ. ಗೋಡೆಯ ಮೇಲಿನ ಬೆಕ್ಕನ್ನೂ ಬಿಡಲಿಲ್ಲ. ಮಲ್ಲಿಗೆಯ ಕಡೆ ನೋಡಿದರೆ ಮೊದಲಿನ ಖುಷಿಯಿಲ್ಲ. ಎಷ್ಟು ಮೊಗ್ಗು ಉಳಿದಿವೆ ಎಂಬುದೊಂದೇ ಯೋಚನೆ.

ಹೊಸ ವರ್ಷಕ್ಕೆ ಶಾಲೆಗೆ ಸೇರುವ ಮಕ್ಕಳನ್ನು ಹುಡುಕಿ ನಾವು ಶಿಕ್ಷಕರು ಓಣಿ ಓಣಿ ತಿರುಗಬೇಕಿತ್ತು. ನನ್ನ ಪಾಲಿಗೆ ಊರ ಹೆಬ್ಬಾಗಿಲು, ಅಗಸಿಯ ಕಡೆಯ ಮನೆಗಳು ಬಂದವು. ಅಲ್ಲೊಂದು ಮನೆಯಲ್ಲಿ ಮುದುಕಿಯೊಬ್ಬಳು ಹೊರಸಿನ ಮೇಲೆ ಮಲಗಿದ್ದಳು. ವಾತದಿಂದ ಕಾಲು ಹಿಡಿದುಹೋಗಿದ್ದವು. ಮೊಮ್ಮಗಳ ವಯಸ್ಸು ಕೇಳುತ್ತ ಕೂತಾಗ ತಲೆದಿಂಬಿನ ಪಕ್ಕದ ಒದ್ದೆ ಬಟ್ಟೆಯ ಮೇಲೆ ಕಣ್ಣು ಬಿತ್ತು. ಅದರ ತುಂಬ ದುಂಡುಮಲ್ಲಿಗೆಯ ಮೊಗ್ಗು.

"ಎಲ್ಲೀವು ಅಜ್ಜೀ?" ಎಂದೆ.

"ನನ್ನ ತಮ್ಮ ತರತಾನ್ರಿ. ಮುಂಜಾನಿ ನಮಾಜಕ್ಕ ಹೊಂಡೂಮುಂದ ಹರಕೊಂಡು, ರುಮಾಲದಾಗ ಕಟಗೊಂಡು ಬರತಾನ. ನಮ್ಮವ್ವ ಹಚ್ಚಿದ ಗಿಡ ಅದು. ಗಾದಿ ಅಂಗಡಿ ಐತೆಲ್ಲ, ಅಂವನ ನನ್ನ ತಮ್ಮ. ಆದ್ರ ಅವನ ಹೇಣ್ತಿಗೆ ಹೇಳಬ್ಯಾಡ್ರಿ ಮತ್ತ. ನಾ ತಾಯಿ ಗಿಡದ ಹೂವು ಕೇಳಿದ್ರ, ನಾಳೆ ತಾಯಿ ಮನ್ಯಾಗ ಪಾಲೂ ಕೇಳತೀನಿ ಅಂತ ಆಕಿಗೆ ಸಂಶೆ. ಮಾತು ಬಿಟ್ಟು ವರ್ಷಗಟ್ಲೆ ಆತು."

ಅಲ್ಲಿಂದ ನೆಟ್ಟಗೆ ಅಂಗಡಿಗೆ ನಡೆದೆ. ಚಾಚಾ ಹತ್ತಿ ಹಿಂಜುತ್ತಿದ್ದರು. ಗಡ್ಡದ ಮೇಲೆಲ್ಲ ಹತ್ತಿಯ ಎಳೆ.

"ಚಾಚಾ, ನಾ ಕಳ್ಳಿ ಅನಿಸಿಕೊಂಡೀನಿ. ನೀವು ನೋಡಿಕೋತ ಸುಮ್ಮನ ಕುಂತೀರಿ."

ಅವರು ಹಿಂಜುವುದನ್ನು ನಿಲ್ಲಿಸಿದರು.

"ಅಕ್ಕಾರ, ಆಕಿ ನಿಮ್ಮ ಮ್ಯಾಲೆ ಸಂಶೆ ಮಾಡಿದ್ರ ನಾಕ ದಿನದ್ದು. ನನ್ನ ಮ್ಯಾಲೆ ಮಾಡಿದ್ರ ಜನ್ಮ ಪೂರಾ ಇರತೈತ್ರಿ."

"ಹಂಗಾದ್ರ ನಾ ಬ್ಯಾರೆ ಮನಿ ನೋಡತೀನಿ."

ಮರುದಿನ ಸಂಜೆ ಚಾಚಿ ಖಾಲಿ ಬುಟ್ಟಿಯೊಂದಿಗೆ ನನ್ನ ಬಾಗಿಲಿಗೇ ಬಂದರು. "ಇವತ್ತ ಮಧ್ಯಾಹ್ನ ನಾ ಕಣ್ಣ ಮುಚ್ಚಿಲ್ಲ. ಆದ್ರೂ ಹೂವಿಲ್ಲ. ಈಗರ ಹೇಳ್ರಿ" ಎಂದು ಶುರುಮಾಡಿದರು. ಹಿಂದೆಯೇ ಚಾಚಾ ಬಂದು ನಿಂತಿದ್ದರು.

"ಅಕ್ಕಾರನ್ನ ಬಿಡು. ನಾನ ಹರಕೊಂಡೀನಿ."

ಚಾಚಿಯ ಮುಖ ಬಿಳಿಚಿತು. "ಯಾರಿಗೆ?"

"ನಮ್ಮಕ್ಕಗ."

ಚಾಚಿ ಎದುರು ನೋಡಿದ್ದು ಬೇರೆ ಯಾವಳೋ ಹೆಂಗಸಿನ ಹೆಸರು ಎಂದು ನನಗೆ ಅನ್ನಿಸಿತು. ಉಸಿರು ಬಿಟ್ಟರು, ಆದರೆ ನಂಬಲಿಲ್ಲ. ನನ್ನ ಕಡೆ ತಿರುಗಿ, "ಖರೆ ಅಕ್ಕಗ ಏನ್ರಿ? ನೀವು ಕಣ್ಣಾರೆ ನೋಡೀರೇನು?" ಎಂದು ಕೇಳಿದರು. ಒಂದು ಗಳಿಗೆಯ ಹಿಂದೆ ಕಳ್ಳಿಯಾಗಿದ್ದವಳು ಈಗ ಸಾಕ್ಷಿ. ನೋಡಿದ್ದನ್ನೆಲ್ಲ ಹೇಳಿದೆ.

ಗಂಡ ಹೆಂಡತಿ ಬಹಳ ದಿನ ಮಾತಾಡಲಿಲ್ಲ. ಆದರೆ ಕಿಟಕಿಯ ಪರದೆ ಅಲುಗುವುದು ನಿಂತಿತು. ಒಂದು ಬೆಳಿಗ್ಗೆ ಅವರು ಮಲ್ಲಿಗೆಯ ಕೆಳಗಿನ ಟೊಂಗೆಯೊಂದನ್ನು ನೆಲಕ್ಕೆ ಬಗ್ಗಿಸಿ, ಮಣ್ಣು ಮುಚ್ಚಿ, ಮೇಲೆ ಕಲ್ಲು ಹೇರುತ್ತಿದ್ದರು. ಮಳೆಗಾಲದಲ್ಲಿ ಅದು ಬೇರುಬಿಟ್ಟಿತು. ಕತ್ತರಿಸಿ, ಎಣ್ಣೆಯ ಹಳೇ ಡಬ್ಬಿಯಲ್ಲಿ ನೆಟ್ಟು ನನ್ನ ಕೈಗೆ ಕೊಟ್ಟರು.

"ಆಕಿಗೆ ಕೊಡ್ರಿ. ಇನ್ನ ಮ್ಯಾಲೆ ನನ್ನ ಹಿತ್ತಲ ಸುದ್ದಿಗೆ ಬರಬ್ಯಾಡ ಅಂತ ಹೇಳ್ರಿ."

ಅಗಸಿಯ ಅಜ್ಜಿ ಎಲೆಯನ್ನು ಬೆರಳಿನಿಂದ ತಿಕ್ಕಿ ನೋಡಿ ಕೇಳಿದಳು: "ಇದು ನಮ್ಮವ್ವನ ಗಿಡದ್ದ ಏನು, ಬ್ಯಾರೆದ್ದೇನರ ಕೊಟ್ಟು ಕಳಿಸ್ಯಾಳೋ?"

ಮುಂದಿನ ವಸಂತಕ್ಕೆ ಆ ಗಿಡ ದಟ್ಟವಾಗಿ ಬೆಳೆದಿತ್ತು, ಆದರೆ ಒಂದು ಮೊಗ್ಗೂ ಇಲ್ಲ. "ಬೇಕಂತ ಬಂಜಿ ಟೊಂಗಿ ಕೊಟ್ಟಾಳ" ಎಂದು ಅಜ್ಜಿ ಹೇಳಿಕಳಿಸಿದಳು. ಆ ಮಾತು ನಾನೇ ಮುಟ್ಟಿಸಬೇಕಾಯಿತು. ಚಾಚಿ ಒಲೆಯ ಮುಂದಿನಿಂದ ಎದ್ದೇ ಬಿಟ್ಟರು.

"ಬಂಜಿ ಟೊಂಗಿನಾ? ಆಕಿ ನೀರು ಹಾಕಿಸಿ ಹಾಕಿಸಿ ಸೊಕ್ಕಿಸ್ಯಾಳ. ನಡೀರಿ, ನೋಡೇ ಬಿಡೂಣು."

ಚಾದರ ಹೊದ್ದು ಮುಂದೆ ಮುಂದೆ ನಡೆದರು. ನಾನು ಹಿಂದೆ. ಅಜ್ಜಿಯ ಮನೆ ಮುಟ್ಟಿದರೂ ಸಲಾಮಿಲ್ಲ, ಮಾತಿಲ್ಲ. ಗಿಡದ ಬುಡಕ್ಕೆ ಬೆರಳು ಚುಚ್ಚಿ ನೋಡಿ, ಎಲೆಗಳನ್ನು ಬರಬರ ಸುಲಿಯತೊಡಗಿದರು.

"ನನ್ನ ಗಿಡ ಕೊಲ್ಲಾಕ ಬಂದಾಳಪ್ಪೋ!" ಅಜ್ಜಿ ಹೊರಸಿನಿಂದಲೇ ಕೂಗಿದಳು.

"ಬಾಯಿ ಮುಚ್ಚು ಆಪಾ. ಎಲಿ ಸುಲದ್ರನ ಮೊಗ್ಗು ಬರತಾವ. ಮಣ್ಣು ಒಣಗೂತನ ಒಂದು ಹನಿ ನೀರು ಹಾಕಿಸಬ್ಯಾಡ. ಆಮ್ಯಾಲೆ ಹಾಕಿಸು. ನಾ ಬಂದು ನೋಡತೀನಿ. ನಿನ್ನ ಮ್ಯಾಲೆ ನನಗ ನಂಬಿಗಿ ಇಲ್ಲ."

ನಂಬಿಕೆ ಇಲ್ಲದ್ದರಿಂದ ವಾರಕ್ಕೆ ಎರಡು ಸಲ ಹೋಗಿ ನೋಡುತ್ತಿದ್ದರು. ಬಿಸಿಲು ಬಲಿಯುವಷ್ಟರಲ್ಲಿ ಗಿಡ ಮೊಗ್ಗಾಯಿತು. ಅದೇ ವರ್ಷ ನನಗೆ ಮುಂಡರಗಿಗೆ ವರ್ಗವಾಯಿತು.

ಒಂದು ಸಲ ಕೊರ್ಲಹಳ್ಳಿಯ ಮದುವೆ ಮನೆಗೆ ಗಾದಿ ಕೊಟ್ಟು ಮರಳುವಾಗ ಚಾಚಾ ಮುಂಡರಗಿಯ ನನ್ನ ಮನೆಗೆ ಬಂದರು. ಚಹಾ ಕೊಟ್ಟು, ಅಕ್ಕ ಹೇಗಿದ್ದಾರೆ, ಚಾಚಿ ಹೇಗಿದ್ದಾರೆ ಎಂದು ಕೇಳಿದೆ.

"ಏನ್ ಹೇಳ್ಲಿ ಅಕ್ಕಾರ," ಎಂದರು. "ಮದಲ ಒಬ್ರ ಮ್ಯಾಲೊಬ್ರು ಸಂಶೆ ಮಾಡತಿದ್ರು. ಈಗ ಇಬ್ರೂ ಕೂಡಿ ನನ್ನ ಮ್ಯಾಲೆ ಮಾಡತಾರ್ರಿ. ಮನಿಗೆ ಜಲ್ದಿ ಹೋಗಬೇಕು" ಎಂದು ಬಸ್ಸಿನ ಹೊತ್ತು ಕೇಳಿಕೊಂಡು ಎದ್ದರು.