ತಿಕ್ಕಿ ಕೆಡಿಸಿದ ಚಾಕು

ಹೊಳೆಯದ ವಸ್ತು ಕಂಡರೆ ನನಗೆ ತಡೆಯಲಾಗುವುದಿಲ್ಲ, ತಿಕ್ಕಲೇಬೇಕು. ಇಳಕಲ್ಲಿನ ನಮ್ಮ ಮನೆಯ ತಾಮ್ರದ ಕೊಡ, ಬಾಗಿಲ ಚಿಲಕ, ಯಾವುದನ್ನೂ ಬಿಟ್ಟವನಲ್ಲ. ಆ ವರ್ಷ ಮಹಾನವಮಿಯ ಖಂಡೆ ಪೂಜೆಗೆ ಕೊಡಲಿ, ಕುಡಗೋಲು, ಈಳಿಗೆ ಎಲ್ಲ ತಿಕ್ಕಿಟ್ಟೆ. ಜೊತೆಗೆ ಹೆಂಡತಿಯ ಚಾಕುವನ್ನೂ ತಿಕ್ಕಿದೆ.

ಲಾರಿಯ ಪಾಟಾ, ಅಂದರೆ ಸ್ಪ್ರಿಂಗಿನ ಉಕ್ಕಿನ ಪಟ್ಟಿ, ಬಡಿದು ಮಾಡಿದ ಚಾಕು ಅದು. ಹುನಗುಂದದ ಕಮ್ಮಾರನ ಮುಂದೆ ಕೂತು ಅವಳೇ ಮಾಡಿಸಿ ತಂದದ್ದು. ವರ್ಷಗಟ್ಟಲೆ ಉಳ್ಳಾಗಡ್ಡಿ, ಮಾವಿನಕಾಯಿ, ನಿಂಬೆ ಹೆಚ್ಚಿ ಅಲಗು ಕಪ್ಪಗಾಗಿತ್ತು. ದೇವರ ಮುಂದೆ ಇಡುವ ವಸ್ತು ಹೀಗಿರಬಾರದೆಂದು ಇಟ್ಟಂಗಿ ಪುಡಿ ಹಾಕಿ ತಿಕ್ಕಿ, ಮರಳು ಕಾಗದವನ್ನೂ ಹಚ್ಚಿ, ಮುಖ ಕಾಣುವಂತೆ ಮಾಡಿದೆ. ವಿಭೂತಿ ಹಚ್ಚಿ ಕೈಮುಗಿದೆ. ನನ್ನ ಶಾಣ್ಯಾತನಕ್ಕೆ ಏನು ಹೇಳಲಿ!

ಆಗ ಅವಳಿಗೆ ಬಾಗಲಕೋಟೆಯ ದವಾಖಾನೆಯಲ್ಲಿ ಕ್ಯಾನ್ಸರಿನ ಚಿಕಿತ್ಸೆ ನಡೆದಿತ್ತು. ಅನ್ನ, ರೊಟ್ಟಿ, ಹಾಲು, ಏನು ಬಾಯಿಗಿಟ್ಟರೂ ಕಬ್ಬಿಣ ನೆಕ್ಕಿದ ಹಾಗಾಗುತ್ತದೆ ಎನ್ನುತ್ತಿದ್ದಳು. ಮೆತ್ತನೆಯ ಪೇರಲ ಹಣ್ಣೊಂದೇ ಸೇರುತ್ತಿತ್ತು. ಬಾಯಿಯೆಲ್ಲ ಹುಣ್ಣಾಗಿದ್ದರಿಂದ ತೆಳ್ಳಗೆ ಹೆಚ್ಚಿ ಕೊಡಬೇಕು. ತೂಕ ಇನ್ನೂ ಇಳಿದರೆ ಮುಂದಿನ ಇಂಜೆಕ್ಷನ್ ಕೊಡಲಾಗುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

ಪೂಜೆಯ ಮರುದಿನ ಆ ಚಾಕುವಿನಿಂದ ಪೇರಲ ಹೆಚ್ಚಿ ಕೊಟ್ಟೆ. ಒಂದು ಹೋಳು ಕಚ್ಚಿ ತಾಟು ಸರಿಸಿದಳು.

"ಇದೂ ಕಬ್ಬಿಣ ಆತಲ್ರಿ," ಎಂದಳು.

ಹೋಳಿನ ಅಂಚು ಕಪ್ಪಿಟ್ಟಿತ್ತು. ನಾನೂ ತಿಂದು ನೋಡಿದೆ. ಅವಳು ಹೇಳಿದ್ದು ಖರೆ. ನನ್ನ ಮೇಲೆ ನನಗೇ ಅಸಹ್ಯವಾಯಿತು. ಸ್ಟೀಲಿನ ಚಾಕು ತೆಗೆದರೆ, "ಅದು ಬ್ಯಾಡ್ರಿ, ದವಾಖಾನಿ ನೆನಪಾಗ್ತೈತಿ," ಎಂದು ಮುಖ ತಿರುಗಿಸಿದಳು.

ಮಧ್ಯಾಹ್ನದ ಬಸ್ಸಿಗೆ ಹುನಗುಂದಕ್ಕೆ ಹೋದೆ. ಕಮ್ಮಾರ ಚಾಕು ತಿರುವಿ ನೋಡಿ ತಲೆ ಅಲ್ಲಾಡಿಸಿದ.

"ಆ ಕಪ್ಪು ಜಂಗ ಅಲ್ರಿ ಯಜಮಾನ್ರ. ಜಂಗ ಹತ್ತದಂಗ, ಹಣ್ಣಿಗೆ ಕಬ್ಬಿಣ ತಾಗದಂಗ ಅಲಗಿನ ಮ್ಯಾಲ ಕುಂತಿತ್ತು. ಕೆರದ ಒಗದೀರಲ್ಲ. ಹುಣಸಿಹುಳಿ ಹಚ್ಚರಿ, ಉಳ್ಳಾಗಡ್ಡಿ ಹೆಚ್ಚರಿ, ಕಪ್ಪು ತಾನ ಮತ್ತ ಬರತೈತಿ. ಗಡಿಬಿಡಿ ಮಾಡಬ್ಯಾಡ್ರಿ."

ಗಡಿಬಿಡಿ ಮಾಡದೆ ಹೇಗಿರಲಿ? ಅವಳು ಬರೀ ತೆಳು ಮಜ್ಜಿಗೆಯ ಮೇಲಿದ್ದಳು. ಅಲಗನ್ನು ಸೋಪಿನಿಂದ ತೊಳೆದು ಒರೆಸಿ, ಹುಣಸೆಹುಳಿಯನ್ನು ಬೆಚ್ಚಗೆ ಮಾಡಿ ದಪ್ಪಗೆ ಮೆತ್ತಿದೆ. ಅಲಗಿಗೆ ಮೊದಲು ಹಳದಿ ಬಣ್ಣ ಬಂತು, ಆಮೇಲೆ ನೀಲಿ. ಒಮ್ಮೆ ಸರಿಯಾಗಿ ಒರೆಸದೆ ಬಿಟ್ಟು ಕೆಂಪಗೆ ಜಂಗು ಹತ್ತಿತು, ಬೈದುಕೊಳ್ಳುತ್ತ ಮತ್ತೆ ಮೊದಲಿನಿಂದ ಶುರು ಮಾಡಿದೆ. ಉಳ್ಳಾಗಡ್ಡಿಯನ್ನು ರಾಶಿ ಹೆಚ್ಚಿದೆ. ಪ್ರತಿ ಸಲ ತೊಳೆದು, ಒಣಗಿಸಿ, ಕುಸುಬಿ ಎಣ್ಣೆ ಸವರಿದೆ. ಚಾಕು ಸರಿಹೋದರೆ ಅವಳು ತಿನ್ನುತ್ತಾಳೆ ಎಂಬುದೊಂದೇ ತಲೆಯಲ್ಲಿ.

ಐದನೆಯ ದಿನ ಅಲಗು ಬೂದುಗಪ್ಪಾಯಿತು. ಪೇರಲ ಹೆಚ್ಚಿದೆ. ಹೋಳು ಬೆಳ್ಳಗೇ ಉಳಿಯಿತು. ತಿಂದು ನೋಡಿದೆ, ಖಾತ್ರಿಗೆ ಇನ್ನೊಂದು ತಿಂದೆ. ಕಬ್ಬಿಣದ ಸುಳಿವೇ ಇಲ್ಲ. ಓಡಿಹೋಗಿ ಅವಳ ಮುಂದೆ ತಾಟು ಇಟ್ಟೆ.

ಬಹಳ ಹೊತ್ತು ಅಗಿದಳು.

"ನೀವು ತಿಂದ್ರೇನ್ರಿ?"

"ತಿಂದೆ. ಭಾಳ ಸಿಹಿ ಐತಿ."

"ಹಂಗಾರ ಚಾಕೂಂದೇನೂ ತಪ್ಪಿಲ್ಲ," ಎಂದು ತಾಟನ್ನು ಮೆಲ್ಲಗೆ ನನ್ನ ಕಡೆ ಸರಿಸಿದಳು. "ನೀವ ತಿನ್ರಿ. ಸುಮ್ನ ಕೆಡತಾವ."

ಅವಳು ನೋಡುತ್ತಿದ್ದಳು. ಒಂದೊಂದೇ ಹೋಳು ತಿಂದು ಮುಗಿಸಿದೆ. ಎಲ್ಲವೂ ಸಿಹಿಯಾಗಿಯೇ ಇದ್ದವು.