ಸರೋಜಿನಿಯ ಚಿಲಕ

ಸಾಂಟಾ ಕ್ಲಾರಾದ ಆ ಮನೆಗೆ ನಮ್ಮವರು ಇಟ್ಟ ಹೆಸರು ‘ಛತ್ರ’. ಹೊಗಳಿಕೆಯೆಂದೇ ಇಟ್ಟದ್ದು. ಎಂಬತ್ತರ ದಶಕದಲ್ಲಿ ಉಡುಪಿ ಕಡೆಯ ಯಾರು ವಿಮಾನ ಇಳಿದರೂ ನೇರ ಜಯಕರನ ಮನೆಗೇ. ಅಪಾರ್ಟ್‌ಮೆಂಟು ಸಿಗುವವರೆಗೆ ಎಂದು ಬಂದವರು ಚಳಿಗಾಲ ಕಳೆದರೂ ಸೋಫಾ ಬಿಡುತ್ತಿರಲಿಲ್ಲ. ಹೆಸರು ಜಯಕರನಿಗೆ, ದುಡಿತ ಹೆಂಡತಿ ಸರೋಜಿನಿಗೆ. ಬಂದವರನ್ನು ಯಾವಾಗ ಹೊರಡುತ್ತೀರಿ ಎಂದು ಕೇಳುವುದು ನಮ್ಮಲ್ಲಿ ಮಹಾಪಾಪವಲ್ಲವೇ! ತಾವಾಗಿ ಹೊರಡುವ ಬುದ್ಧಿ ಮಾತ್ರ ಒಬ್ಬರಿಗೂ ಇರಲಿಲ್ಲ.

ಊರಲ್ಲಿ ಅಕ್ಕತಂಗಿಯರ ಜೊತೆ ಒಂದೇ ಕೋಣೆಯಲ್ಲಿ ಬೆಳೆದವಳು ಸರೋಜಿನಿ. ಅಮೆರಿಕದಲ್ಲಾದರೂ ತನ್ನದೊಂದು ಬಾಗಿಲು ಇದ್ದೀತು ಅಂದುಕೊಂಡಿದ್ದಳು. ಸಿಕ್ಕಿದ್ದು ಗರಾಜಿನ ಪಕ್ಕದ ಪುಟ್ಟ ಕೋಣೆ. ಅಲ್ಲಿ ಹೊಲಿಗೆ ಮೆಷಿನು, ಊರಿನ ಟ್ರಂಕು. ಮಧ್ಯಾಹ್ನ ಅಲ್ಲಿ ಒಂದು ಗಳಿಗೆ ಕೂತರೆ ಹೋದ ಜೀವ ಬಂದ ಹಾಗಾಗುತ್ತಿತ್ತು. ಅದಕ್ಕೂ ಕಲ್ಲು ಬಿತ್ತು. ಜಯಕರನ ಅಣ್ಣ ಗುರುದತ್ ಬಂದವನು ತಿಂಗಳುಗಟ್ಟಲೆ ಠಿಕಾಣಿ ಹೂಡಿದ. ಸಾಲದ್ದಕ್ಕೆ ಕಂಡವರ ಕಪಾಟು ಜಾಲಾಡುವ ಚಟ ಬೇರೆ. ಒಂದು ದಿನ ನೋಡಿದರೆ ಟ್ರಂಕು ಬಾಯಿ ತೆರೆದಿದೆ, ತೀರಿಹೋದ ತಾಯಿಯ ಸೀರೆ ನೆಲದ ಮೇಲಿದೆ.

“ಶಾಲು ಉಂಟಾ ಅಂತ ನೋಡಿದೆ ಮಾರಾಯ್ತಿ,” ಎಂದ ಭಾವ. “ನಮ್ಮದೇ ಮನೆಯಲ್ವಾ, ಕೇಳುವುದೆಂತ?”

ಸರೋಜಿನಿ ಸೀರೆ ಮಡಚಿ ಟ್ರಂಕಿಗೆ ಹಾಕಿದಳು.

ಸಿಟಿಜನ್‌ಶಿಪ್ಪಿನ ಪರೀಕ್ಷೆಗೆಂದು ಅವಳು ಸಂಜೆ ಕ್ಲಾಸಿಗೆ ಹೋಗುತ್ತಿದ್ದಳು. ಆ ವಾರ ಅಮೆರಿಕ ಬ್ರಿಟಿಷರ ಕೈಯಲ್ಲಿದ್ದ ಕಾಲದ ಪಾಠ. ಕಳ್ಳಮಾಲು ಹುಡುಕುವ ನೆಪದಲ್ಲಿ ಅಧಿಕಾರಿಗಳು ಯಾರ ಮನೆಗಾದರೂ ನುಗ್ಗಿ ಪೆಟ್ಟಿಗೆ ತೆರೆಸಬಹುದಿತ್ತಂತೆ. ಬ್ರಿಟಿಷ್ ಸೈನಿಕರಿಗೆ ಇರಲು ಜಾಗ, ಉಪ್ಪು, ಸೌದೆ ಎಲ್ಲ ಇಲ್ಲಿಯವರೇ ಒದಗಿಸಬೇಕಿತ್ತಂತೆ. ಜನ ರೊಚ್ಚಿಗೆದ್ದರು. ಸ್ವತಂತ್ರರಾದ ಮೇಲೆ ಸಂವಿಧಾನದಲ್ಲೇ ಸೇರಿಸಿದರು: ಸುಮ್ಮಸುಮ್ಮನೆ ಮನೆ ಶೋಧಿಸುವಂತಿಲ್ಲ, ಶಾಂತಿಕಾಲದಲ್ಲಿ ಮನೆಯೊಡೆಯನ ಒಪ್ಪಿಗೆಯಿಲ್ಲದೆ ಸೈನಿಕರನ್ನು ಮನೆಯಲ್ಲಿ ಇರಿಸುವಂತಿಲ್ಲ.

ಸರೋಜಿನಿ ಕೈ ಎತ್ತಿದಳು. “ಆ ಸೈನಿಕರು ಮನೆಯವರಿಗೆ ಸಂಬಂಧಿಕರಾ?”

ಟೀಚರು ನಕ್ಕರು. “ಅಲ್ಲ, ಗುರುತಿಲ್ಲದವರು.”

ಹಾಗಾದರೆ ಸಿಟ್ಟು ತೋರಿಸುವುದು ಸುಲಭ ಅಂದುಕೊಂಡಳು.

ಆದರೂ ಧೈರ್ಯ ಬಂತು. ಮರುದಿನವೇ ಚಿಲಕ ಕೊಂಡು ತಂದು, ತಾನೇ ಸ್ಕ್ರೂ ತಿರುಗಿಸಿ, ಒಳಗಿನಿಂದ ಹಾಕಿಕೊಂಡು ಕೂತಳು. ಭಾವ ಬಂದು ಬಾಗಿಲು ತಳ್ಳಿದ. ತೆರೆಯಲಿಲ್ಲ. ನಾನೇನು ಕಳ್ಳನಾ ಎಂದು ಮುಖ ಊದಿಸಿ ಊಟ ಬಿಟ್ಟ. ಆಫೀಸಿನಿಂದ ಬಂದ ಜಯಕರ ಕೆಂಡವಾದ.

“ಅಣ್ಣನ ಮುಖಕ್ಕೆ ಚಿಲಕ ಹಾಕುವುದಾ? ಊರಲ್ಲಿ ಗೊತ್ತಾದರೆ ಮರ್ಯಾದೆ ಉಳೀತದಾ?”

“ಈ ದೇಶದಲ್ಲಿ ಸೈನಿಕರನ್ನು ಸಹ ಒಪ್ಪಿಗೆ ಇಲ್ಲದೆ ಮನೆಯಲ್ಲಿ ಇಡ್ಲಿಕ್ಕಿಲ್ಲ. ಪೆಟ್ಟಿಗೆ ಮುಟ್ಲಿಕ್ಕಿಲ್ಲ. ಕಾನೂನು ಉಂಟು,” ಎಂದಳು ಸರೋಜಿನಿ.

“ಯಾರ ಒಪ್ಪಿಗೆ?”

“ಮನೆಯೊಡೆಯನದ್ದು.”

“ಒಡೆಯ ನಾನು. ಒಪ್ಪಿದ್ದೇನೆ.”

ಅವಳದೇ ಸ್ಕ್ರೂಡ್ರೈವರಿನಿಂದ ಚಿಲಕ ಬಿಚ್ಚಿ ಅವಳ ಕೈಗಿಟ್ಟ. ಒಳಗಿನಿಂದ ಭಾವ, ಅನ್ನ ಬಡಿಸಲು ಕೂಗಿದ. ಬಡಿಸಿದಳು. ಬಡಿಸದೆ ಏನು ಮಾಡಿಯಾಳು?

ಪರೀಕ್ಷೆಯ ದಿನ ಅಧಿಕಾರಿ ಕೇಳಿದ್ದು ಅದೇ ಸೈನಿಕರ ಪ್ರಶ್ನೆ. ಸರೋಜಿನಿ ಒಂದಕ್ಷರ ತಪ್ಪದೆ ಹೇಳಿದಳು, ಮನೆಯೊಡೆಯನ ಒಪ್ಪಿಗೆಯನ್ನೂ ಸೇರಿಸಿ. ಅಧಿಕಾರಿಗೆ ಆಶ್ಚರ್ಯ. ಇಲ್ಲೇ ಹುಟ್ಟಿದವರಿಗೂ ಇಷ್ಟು ಸರಿಯಾಗಿ ಗೊತ್ತಿರುವುದಿಲ್ಲ ಎಂದು ಮೆಚ್ಚಿಕೊಂಡು, ಯಾರು ಕಲಿಸಿದರು ಎಂದು ಕೇಳಿದ.

“ನನ್ನ ಗಂಡ,” ಎಂದಳು ಸರೋಜಿನಿ.