ರೊಟ್ಟಿ ತಿಂದ ತಲೆ

ಹೋದ ವಾರ ನಮ್ಮ ಶಾಲೆಗೆ ಮೇಲಿನಿಂದ ಒಂದು ಕಾಗದ ಬಂತು. ಮೇಲಿನಿಂದ ಎಂದರೆ ಎಲ್ಲಿಂದ ಎಂದು ಯಾರೂ ಕೇಳುವುದಿಲ್ಲ. ನಮ್ಮ ಯಾದಗಿರಿ ಕಡೆ ಮಳೆಯೂ ಮೇಲಿನಿಂದಲೇ ಬರಬೇಕು, ಕಾಗದವೂ ಮೇಲಿನಿಂದಲೇ ಬರಬೇಕು. ಮಳೆ ಆಗೊಮ್ಮೆ ಈಗೊಮ್ಮೆ ತಪ್ಪಿಸುತ್ತದೆ, ಕಾಗದ ಮಾತ್ರ ತಪ್ಪಿಸುವುದಿಲ್ಲ. ಕಡಿಮೆ ಖರ್ಚಿನಲ್ಲಿ ಚೆನ್ನಾಗಿ ಓದುವುದು ಹೇಗೆ, ಆರೋಗ್ಯ ಕಾಪಾಡಿಕೊಳ್ಳುವುದು ಹೇಗೆ ಎಂದು ಅದರಲ್ಲಿ ಬಡ ವಿದ್ಯಾರ್ಥಿಗಳಿಗೆ ಸಲಹೆಗಳಿದ್ದವು. ಹತ್ತನೆಯ ತರಗತಿಗೆ ಓದಿ ಹೇಳಿರೆಂದು ಮುಖ್ಯಗುರುಗಳು ನನ್ನ ಕೈಗೆ ಕೊಟ್ಟರು.

ಓದಿದೆ. ಓದಲು ಮನೆಯಲ್ಲಿ ಒಂದು ಪ್ರಶಾಂತ ಕೋಣೆ ಆರಿಸಿಕೊಳ್ಳಿ ಎಂದಿತ್ತು. ಒಂದೇ ಕೋಣೆಯ ಮನೆಯವರು ಯಾವುದನ್ನು ಆರಿಸಿಕೊಳ್ಳಬೇಕೋ ಬರೆದಿರಲಿಲ್ಲ. ಹಾಲು ಕುಡಿಯಿರಿ, ಹಣ್ಣು ತಿನ್ನಿ, ಬೆಳಿಗ್ಗೆ ನಡೆದಾಡಿ ಎಂದಿತ್ತು. ಮೂರು ಮೈಲಿ ನಡೆದು ಶಾಲೆಗೆ ಬಂದ ಮಕ್ಕಳು ಬಾಯಿ ಮುಚ್ಚಿಕೊಂಡು ಕೇಳಿದರು. ಏಳನೆಯ ಸಲಹೆಗೆ ಬಂದಾಗ ನನ್ನ ಮೈ ಉರಿಯಿತು. ಅನ್ನ ಕಡಿಮೆ ಮಾಡಿ, ಜೋಳದ ರೊಟ್ಟಿಯಂಥ ನಮ್ಮ ಹಳೆಯ ಆಹಾರಕ್ಕೆ ಮರಳಿ. ಅದು ಅಗ್ಗ, ಮಿದುಳಿಗೂ ಒಳ್ಳೆಯದು ಎಂದಿತ್ತು. ನಾನು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಮೇಜಿನ ಡ್ರಾದೊಳಗೆ ತುರುಕಿದೆ. ಎದುರಿಗೆ ಕುಳಿತ ಮಕ್ಕಳ ಮನೆಯಲ್ಲಿ ರೇಷನ್ ಅಕ್ಕಿ ಬಿಟ್ಟರೆ ಬೇರೆ ಧಾನ್ಯವಿಲ್ಲ. ಜೋಳ ಈಗ ನಮ್ಮಲ್ಲಿ ಅಕ್ಕಿಗಿಂತ ತುಟ್ಟಿ. ಮರಳಿ ಅಂತೆ. ಜೋಳವನ್ನು ಹೊರಗೆ ಹಾಕಿದವರು ಯಾರು, ಅದಕ್ಕೆ ಮರಳಬೇಕಾದವರು ಯಾರು?

ನನಗೆ ಸಿಟ್ಟು ಬೇಗ ಬರುತ್ತದೆ, ಇದನ್ನು ಮುಚ್ಚಿಡುವುದಿಲ್ಲ. ಆದರೆ ಈ ಸಿಟ್ಟು ಬೇಗ ಬಂದದ್ದಲ್ಲ. ಅದಕ್ಕೆ ನನ್ನ ಪಿಯುಸಿಯಷ್ಟು ವಯಸ್ಸಾಗಿದೆ.

ನಮ್ಮೂರು ವನದುರ್ಗದ ಪಕ್ಕದ್ದು. ನಾನು ಚಿಕ್ಕವಳಿದ್ದಾಗ ನಮ್ಮ ಎರಡೆಕರೆಯಲ್ಲಿ ಜೋಳ ಇರುತ್ತಿತ್ತು, ಅಂಚಿಗೆ ತೊಗರಿ. ಆಮೇಲೆ ಕಾಲುವೆ ಬಂತು. ಕಾಲುವೆಯನ್ನು ಬಯ್ಯುವ ಬಾಯಿ ನನಗಿಲ್ಲ, ಅದರ ನೀರಿನ ಭತ್ತದಿಂದಲೇ ನನ್ನ ಕಾಲೇಜಿನ ಫೀ ಹೋಯಿತು. ಆದರೆ ನೀರು ಬಂದ ಕೆಲವೇ ವರ್ಷಗಳಲ್ಲಿ ಹೊಲಗಳೆಲ್ಲ ಗದ್ದೆಗಳಾದವು, ಜೋಳ ನಮ್ಮೂರಿನಿಂದ ಕಾಲು ಕಿತ್ತಿತು. ಹಬ್ಬಕ್ಕೊಮ್ಮೆ ಅನ್ನ ಕಾಣುತ್ತಿದ್ದ ಮನೆಗಳು ದಿನಾ ಅನ್ನ ಉಣ್ಣತೊಡಗಿದವು. ಉಣ್ಣುವುದಷ್ಟೇ ಅಲ್ಲ, ಉಂಡದ್ದನ್ನು ಓಣಿಗೆಲ್ಲ ಕೇಳುವಂತೆ ಹೇಳತೊಡಗಿದವು. ಹೆಣ್ಣು ಕೇಳಲು ಬಂದವರು ತಮ್ಮದು ಅನ್ನ ಉಣ್ಣುವ ಮನೆ ಎಂದು ಮೊದಲೇ ಹೇಳುತ್ತಿದ್ದರು. ರೊಟ್ಟಿ ತಿನ್ನುವುದು ನೀರು ಸಿಗದವರ ಗುರುತಾಯಿತು.

ಹತ್ತನೆಯ ತರಗತಿ ಪಾಸಾದ ಮೇಲೆ ನನ್ನನ್ನು ಶಹಾಪುರದ ಕಾಲೇಜಿಗೆ ಹಾಕುವಾಗ ಅಪ್ಪ ಒಂದೇ ಷರತ್ತು ಹಾಕಿದ್ದ. ಪಿಯುಸಿ ಪಾಸಾದರೆ ಮುಂದಿನ ಓದು. ಫೇಲಾದರೆ, ಮಳೆಗಾಲದಲ್ಲಿ ಕಾಲುವೆಗೆ ನೀರು ಬಿಟ್ಟ ದಿನ ಸೀರೆ ಮೇಲೆ ಕಟ್ಟಿ ಭತ್ತದ ನಾಟಿಗೆ ಇಳಿಯಬೇಕು, ಅಲ್ಲಿಂದ ಮೇಲೆ ಪುಸ್ತಕದ ಮಾತೆತ್ತಬಾರದು. ಅಪ್ಪ ಆಡಿದ ಮಾತು ತಪ್ಪುವವನಲ್ಲ. ಅದೇ ಭಯ.

ಶಹಾಪುರದಲ್ಲಿ ನಾವು ಮೂವರು ಹುಡುಗಿಯರು ಒಂದು ರೂಮು ಹಿಡಿದಿದ್ದೆವು. ಕಡಿಮೆ ಖರ್ಚಿನ ಓದು ಹೇಗೆಂದು ನಮ್ಮನ್ನು ಯಾರಾದರೂ ಕೇಳಬೇಕಿತ್ತು. ಮೂವರಿಗೆ ಒಂದೇ ಪುಸ್ತಕ ಕೊಂಡು, ಬೆನ್ನು ಬಿಚ್ಚಿ ಮೂರು ಭಾಗ ಮಾಡಿ, ದಾರದಿಂದ ಹೊಲಿದು ವಾರಕ್ಕೊಮ್ಮೆ ಬದಲಿಸಿಕೊಳ್ಳುತ್ತಿದ್ದೆವು. ಮದುವೆ ಕಾರ್ಡುಗಳ ಹಿಂಬದಿಯಲ್ಲಿ ಚಿತ್ರ ಬರೆದು ಕಲಿಯುತ್ತಿದ್ದೆವು. ಒಬ್ಬಳು ಒಲೆ ಮುಂದೆ ಕುಳಿತು ಗಟ್ಟಿಯಾಗಿ ಓದಿದರೆ ಉಳಿದಿಬ್ಬರು ಬಟ್ಟೆ ಒಗೆಯುತ್ತ ಕೇಳುತ್ತಿದ್ದೆವು. ಬೆಳಗಿನ ನಾಲ್ಕೂವರೆಗೆ ನಳ ಬರುತ್ತಿತ್ತು, ಕೊಡ ಹಿಡಿದು ಪಾಳಿಗೆ ನಿಲ್ಲಬೇಕು. ಆ ಪಾಳಿಯಲ್ಲಿಯೂ ಒಬ್ಬರನ್ನೊಬ್ಬರು ಪ್ರಶ್ನೆ ಕೇಳುತ್ತಿದ್ದೆವು. ಇದನ್ನೆಲ್ಲ ಯಾವ ಕಾಗದವೂ ನಮಗೆ ಕಲಿಸಿರಲಿಲ್ಲ.

ಊಟಕ್ಕೆ ಬುತ್ತಿ ಬರುತ್ತಿತ್ತು. ರೂಮು ಹಿಡಿದು ಓದುವ ಮಕ್ಕಳಿಗೆ ಊರಿನಿಂದ ಮೊದಲ ಬಸ್ಸಿಗೆ ಬುತ್ತಿ ಕಳಿಸುವುದು ನಮ್ಮ ಕಡೆಯ ಪದ್ಧತಿ. ತಾಯಂದಿರು ಗಂಟು ತಂದು ಡ್ರೈವರನ ಪಕ್ಕ, ಇಂಜಿನ್ನಿನ ಮುಚ್ಚಳದ ಮೇಲೆ ಇಟ್ಟು ಹೋಗುತ್ತಾರೆ. ಬಸ್ ಸ್ಟ್ಯಾಂಡಿನಲ್ಲಿ ಮಕ್ಕಳು ಬಂದು ತಮ್ಮ ತಮ್ಮ ಗಂಟು ಎತ್ತಿಕೊಳ್ಳುತ್ತಾರೆ. ಚೀಟಿಯಿಲ್ಲ, ಹೆಸರಿಲ್ಲ, ಬಟ್ಟೆಯೇ ಗುರುತು. ನನ್ನದು ಅವ್ವನ ಹಳೆಯ ಸೀರೆಯ ಹಸಿರು ತುಂಡು, ಕೆಂಪು ದಡಿ. ಸೋಮವಾರಕ್ಕೊಮ್ಮೆ, ಗುರುವಾರಕ್ಕೊಮ್ಮೆ ಬರುತ್ತಿತ್ತು. ಮೊದಲ ದಿನಕ್ಕೆ ಪುಂಡಿಪಲ್ಯ, ಉಳಿದ ದಿನಕ್ಕೆ ಶೇಂಗಾ ಹಿಂಡಿ, ಎಂದರೆ ಚಟ್ನಿಪುಡಿ. ರೊಟ್ಟಿ ಮೊದಲ ದಿನ ಮೆತ್ತಗೆ, ಮೂರನೆಯ ದಿನ ಖಡಕ್. ಕೆಟ್ಟಿತೆನ್ನುವ ಮಾತೇ ಇಲ್ಲ.

ಆ ಜೋಳ ನಮ್ಮ ಗದ್ದೆಯದಲ್ಲ. ಅವ್ವನ ತವರು ಬಳಿಚಕ್ರ, ಅಲ್ಲಿ ಇನ್ನೂ ಮಳೆಯ ಬೆಳೆ. ಪ್ರತಿವರ್ಷ ಸುಗ್ಗಿಗೆ ಅವ್ವ ಅಲ್ಲಿಗೆ ಹೋಗಿ, ಅಣ್ಣ ತಮ್ಮಂದಿರ ಹೊಲದಲ್ಲಿ ಕೂಲಿಯವರ ಜೊತೆ ಜೋಳ ಕೊಯ್ದು, ಕೂಲಿಯ ಬದಲು ಕಾಳು ಇಸಿದುಕೊಂಡು ಚೀಲ ಹೊತ್ತು ತರುತ್ತಿದ್ದಳು. ಮನೆಯಲ್ಲಿ ಎಲ್ಲರೂ ಅನ್ನ ಉಣ್ಣುತ್ತಿದ್ದರು. ಆ ಚೀಲ ನನ್ನ ಬುತ್ತಿಗೆಂದೇ ಇತ್ತು.

ಎರಡನೆಯ ವರ್ಷ, ಪರೀಕ್ಷೆಗೆ ಇನ್ನೂ ಒಂದು ತಿಂಗಳಿರುವಾಗ, ಮಧ್ಯಾಹ್ನದ ಜೀವಶಾಸ್ತ್ರದ ಕ್ಲಾಸಿನಲ್ಲಿ ನನಗೆ ತೂಕಡಿಕೆ ಬಂತು. ನಳದ ಪಾಳಿಗೆ ಎದ್ದವಳಿಗೆ ಬರದೆ ಇನ್ನಾರಿಗೆ ಬರಬೇಕು? ಲೆಕ್ಚರರ್ ನನ್ನನ್ನು ಎಬ್ಬಿಸಿ ನಿಲ್ಲಿಸಿ, ಏನು ಉಂಡು ಬಂದೆ ಎಂದು ಕೇಳಿದರು. ರೊಟ್ಟಿ ಎಂದೆ. ಅವರು ಇಡೀ ಕ್ಲಾಸಿಗೆ ತಿರುಗಿದರು.

"ಜೋಳ ತಿಂದವ ತೋಳ, ಅಕ್ಕಿ ತಿಂದವ ಹಕ್ಕಿ ಅಂತಾರ ನಮ್ಮ ಮಂದಿ. ತೋಳಕ್ಕ ಮೈಯಾಗ ಕಸುವು, ತಲ್ಯಾಗ ಏನದ? ರೊಟ್ಟಿ ತಿಂದ ತಲಿ ದಪ್ಪ ಆಗ್ತದ. ಪರೀಕ್ಷಾ ಮುಗಿಯೋತನಕ ಅನ್ನ ಉಣ್ರಿ, ತಲಿ ಹಗುರಾಗಿ ಹಾರ್ತದ."

ಎಲ್ಲರೂ ನಕ್ಕರು. ರೊಟ್ಟಿ ತಿಂದು ಬಂದವರೇ ಹೆಚ್ಚು ನಕ್ಕರು. ನಾನು ನಗಲಿಲ್ಲ, ಅದಕ್ಕಿಂತ ಹೀನವಾದದ್ದು ಮಾಡಿದೆ. ನಂಬಿದೆ. ನೋಟ್ ಬುಕ್ಕಿನ ಕೊನೆಯ ಹಾಳೆಯಲ್ಲಿ ಅದನ್ನು ಬರೆದುಕೊಂಡು ಕೆಳಗೆ ಗೆರೆ ಎಳೆದೆ. ಎಂ.ಎಸ್ಸಿ. ಓದಿದವರು ಹೇಳಿದ್ದು ಸುಳ್ಳಾಗುವುದು ಹೇಗೆ ಎಂದುಕೊಂಡೆ. ಆ ಹಾಳೆಯನ್ನು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ.

ಆ ಭಾನುವಾರ ಊರಿಗೆ ಹೋದೆ. ಅವ್ವ ಬಳಿಚಕ್ರದ ಸುಗ್ಗಿ ಮುಗಿಸಿ ಹಿಂದಿನ ದಿನವಷ್ಟೇ ಬಂದಿದ್ದಳು. ಕೈತುಂಬ ಜೋಳದ ದಂಟಿನ ಗೀರು. ಹೊಸ ಜೋಳದ ರೊಟ್ಟಿ ತಟ್ಟುತ್ತ ಕುಳಿತಿದ್ದಳು. ನಾನು ಹೊಸಿಲಲ್ಲೇ ನಿಂತು, ಇನ್ನು ಮೇಲೆ ರೊಟ್ಟಿ ಬೇಡ, ಅನ್ನ ಕಳಿಸು, ರೊಟ್ಟಿ ತಿಂದರೆ ತಲೆ ಕೆಡುತ್ತದೆ ಎಂದು ಸರ್ ಹೇಳಿದ್ದಾರೆ ಎಂದೆ. ಅವ್ವನ ತಟ್ಟುವ ಸದ್ದು ನಿಂತಿತು.

"ಹಂಗಾದ್ರ ಇಷ್ಟು ದಿನ ನಿನ್ನ ತಲಿ ನಾನೇ ಕೆಡಿಸೀನೇನವ್ವಾ?" ಎಂದು ಕೇಳಿದಳು.

ಇಲ್ಲ ಎನ್ನಬೇಕಿತ್ತು. ನಾನು ಏನೂ ಎನ್ನಲಿಲ್ಲ. ಸುಮ್ಮನಿದ್ದರೆ ಹೌದು ಎಂದಂತೆ. ಅವ್ವ ಹಂಚಿನ ಮೇಲಿನ ರೊಟ್ಟಿ ತೆಗೆದು ಪಕ್ಕಕ್ಕಿಟ್ಟು, ಉಳಿದ ಹಿಟ್ಟನ್ನು ಮುಚ್ಚಿದಳು. ಮೂಲೆಯಲ್ಲಿದ್ದ ಹೊಸ ಚೀಲವನ್ನು ಎಳೆದುಕೊಂಡು ಹೋಗಿ ಅಟ್ಟದ ಕೆಳಗೆ ಕತ್ತಲಲ್ಲಿ ಇಟ್ಟಳು.

ಮರುದಿನದಿಂದ ಅನ್ನ ಬಂತು. ನಮ್ಮಲ್ಲಿ ಬುತ್ತಿ ಎಂದರೆ ರೊಟ್ಟಿ. ಅನ್ನ ಒಲೆಯಿಂದ ನೇರ ತಾಟಿಗೆ ಬರುವಂಥದ್ದು. ಅದನ್ನು ದೂರಕ್ಕೆ ಕಟ್ಟಿ ಕಳಿಸುವ ರೂಢಿ ನಮ್ಮ ಮನೆಗಿರಲಿಲ್ಲ. ಸಂಜೆಗೆ ಕೆಡಬಹುದೆಂದು ಅವ್ವ ದಿನವೂ ಕಳಿಸತೊಡಗಿದಳು. ಮಗಳಿಗೆ ಬಿಸಿಯಾಗಿಯೇ ಮುಟ್ಟಲೆಂದು ಬಿಸಿ ಅನ್ನಕ್ಕೆ ಬೇಳೆ ಸುರಿದು, ಡಬ್ಬಿ ಬಿಗಿಯಾಗಿ ಮುಚ್ಚಿ, ಹಸಿರು ಬಟ್ಟೆಯಿಂದ ಎರಡು ಸುತ್ತು ಕಟ್ಟುತ್ತಿದ್ದಳು. ಆ ಡಬ್ಬಿ ನಮ್ಮ ಬೇಸಿಗೆಯಲ್ಲಿ, ಇಂಜಿನ್ನಿನ ಮೇಲೆ ಕುಳಿತು ಶಹಾಪುರಕ್ಕೆ ಬರುತ್ತಿತ್ತು. ನನಗೂ ಉಳಿಸಿ ತಿನ್ನುವ ರೊಟ್ಟಿಯ ಬುದ್ಧಿಯೇ. ಅರ್ಧ ಮಧ್ಯಾಹ್ನಕ್ಕೆ ಉಂಡು, ಅರ್ಧ ಸಂಜೆಗೆ ತೆಗೆದಿಡುತ್ತಿದ್ದೆ. ಮೊದಮೊದಲು ಏನೂ ಆಗಲಿಲ್ಲ. ಬಿಸಿಲು ಏರಿದಂತೆ ಹುಳಿ ವಾಸನೆ ಹತ್ತಿತು. ಬೇಳೆಯ ಹುಣಸೆಹಣ್ಣಿನದಿರಬೇಕೆಂದು ಉಂಡೆ. ರೂಮಿನ ಗೆಳತಿಯರು ತಮ್ಮ ರೊಟ್ಟಿ ಕೊಡಲು ಬಂದರು. ಪರೀಕ್ಷೆ ಮುಗಿಯಲಿ ಎಂದು ಬೇಡವೆಂದೆ. ಹಾರುವ ಹಕ್ಕಿ ನಾನು, ಅವರ ರೊಟ್ಟಿ ನನಗೇಕೆ?

ಜೀವಶಾಸ್ತ್ರದ ಪರೀಕ್ಷೆಯ ದಿನ ಬೆಳಿಗ್ಗೆಯಿಂದ ವಾಂತಿ, ಭೇದಿ. ಗೆಳತಿಯರು ಎರಡೂ ಕಡೆ ಹಿಡಿದು ಪರೀಕ್ಷೆಯ ಕೋಣೆಗೆ ಮುಟ್ಟಿಸಿದರು. ಒಂದು ತಾಸು ಬರೆದೆ. ಎದ್ದು ಹೊರಗೆ ಓಡಿದವಳು ತಿರುಗಿ ಒಳಗೆ ಹೋಗಲಿಲ್ಲ. ರಿಸಲ್ಟ್ ಬಂದಾಗ ಆ ಒಂದೇ ವಿಷಯದಲ್ಲಿ ಫೇಲಾಗಿದ್ದೆ. ಅಪ್ಪ ಬಯ್ಯಲಿಲ್ಲ. ಮರುಪರೀಕ್ಷೆ ಕಾಲುವೆಗೆ ನೀರು ಬಿಡುವುದಕ್ಕಿಂತ ಮೊದಲು ಇದೆಯೋ, ಆಮೇಲೆ ಇದೆಯೋ ಎಂದು ಮಾತ್ರ ಕೇಳಿದ. ಮೊದಲೇ ಇತ್ತು. ಹಾಗಾದರೆ ಅದೊಂದು ನೋಡು ಎಂದ.

ಮರುಪರೀಕ್ಷೆಯ ಫಾರ್ಮ್ ತುಂಬಲು ಅವ್ವ ನನ್ನ ಜೊತೆ ಕಾಲೇಜಿಗೆ ಬಂದಳು. ಫಾರ್ಮಿಗೆ ಸಹಿ ಹಾಕಬೇಕಾದವರು ಅದೇ ಲೆಕ್ಚರರ್. ಹೀಗೇಕಾಯಿತು ಎಂದು ಕೇಳಿದರು. ನೀವು ಹೇಳಿದಂತೆ ಅನ್ನ ಉಂಡೆ, ಅದು ಹಳಸಿತ್ತು ಎಂದೆ. ಅವರಿಗೆ ಸಿಟ್ಟು ಬಂತು. ನನಗಲ್ಲ, ಅವರಿಗೆ.

"ಹಳಸಿದ್ದು ತಿನ್ನಂತ ನಾ ಹೇಳಿದ್ನೇನು? ಸ್ವಚ್ಛತಾ ಅನ್ನೋದು ಮನಿಯಿಂದ ಬರಬೇಕು" ಎಂದು ಅವ್ವನ ಕಡೆ ನೋಡಿದರು.

ನಸುಕಿನಲ್ಲಿ ಎದ್ದು, ಒಲೆ ಸಾರಿಸಿ, ಡಬ್ಬಿಯನ್ನು ಬೂದಿಯಿಂದ ಎರಡು ಸಲ ಬೆಳಗಿ ಅನ್ನ ತುಂಬುತ್ತಿದ್ದ ಹೆಂಗಸಿಗೆ ಈ ಮಾತು. ಅವ್ವ ಸೆರಗು ಸರಿಮಾಡಿಕೊಂಡು ಕೈಮುಗಿದಳು.

"ಹೌದ್ರಿ ಸರ, ತಪ್ಪು ನಂದೇ ಅದ. ಆಕಿ ಫಾರ್ಮಿಗೆ ಸಹಿ ಮಾಡ್ರಿ."

ಸಹಿ ಬಿತ್ತು. ಬೀಳುವತನಕ ನಾನು ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟರೆ ಸಹಿ ಬೀಳುವುದಿಲ್ಲವೆಂಬ ಭಯ. ಆ ಒಂದು ಸಹಿಗಾಗಿ ನಮ್ಮವ್ವನನ್ನು ತಪ್ಪಿತಸ್ಥೆಯನ್ನಾಗಿ ಬಿಟ್ಟುಕೊಟ್ಟು ಹೊರಗೆ ಬಂದೆ.

ಮರುಪರೀಕ್ಷೆಗೆ ಉಳಿದಿದ್ದ ಎರಡು ತಿಂಗಳು ಊರಲ್ಲೇ ಓದಿದೆ. ಅವ್ವ ಅಟ್ಟದ ಕೆಳಗಿನ ಚೀಲವನ್ನು ಮತ್ತೆ ಎಳೆದಳು. ರೊಟ್ಟಿ ಮಾಡಿ ಪುಸ್ತಕದ ಪಕ್ಕದಲ್ಲಿಟ್ಟು ಹೋಗುತ್ತಿದ್ದಳು. ರೊಟ್ಟಿ ತಿಂದ ತಲೆಯಿಂದಲೇ ಜೀವಶಾಸ್ತ್ರ ಬರೆದೆ, ಪಾಸಾದೆ. ಅಪ್ಪ ಮಾತು ಉಳಿಸಿಕೊಂಡ. ಮುಂದೆ ಓದಿದೆ, ಟೀಚರ್ ಆದೆ. ಕಥೆ ಸುಖಾಂತವಾಯಿತು ಎಂದು ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. ಏಕೆಂದರೆ ಅವ್ವನಿಗೆ ಒಂದು ರೋಗ ಅಂಟಿಕೊಂಡಿತ್ತು. ನನಗೆ ಏನೇ ಬಡಿಸುವ ಮೊದಲೂ ಕೇಳುತ್ತಿದ್ದಳು, ಇದು ತಿಂದರೆ ನಡೆಯುತ್ತದೇನು ಎಂದು. ಮೊದಲು ಹಾಗೆ ಕೇಳುವವಳಲ್ಲ. ಹಾಕುವವಳು, ತಿನ್ನು ಎನ್ನುವವಳು.

ಕೆಲಸಕ್ಕೆ ಸೇರಿ ಎಷ್ಟೋ ವರ್ಷಗಳ ಮೇಲೆ ಸುರಪುರದ ಒಂದು ಮದುವೆಯಲ್ಲಿ ಆ ಲೆಕ್ಚರರ್ ಸಿಕ್ಕರು. ರಿಟೈರ್ ಆಗಿದ್ದರು, ಶುಗರ್ ಬಂದಿತ್ತು. ಊಟದ ಪಂಕ್ತಿಯಲ್ಲಿ ನನ್ನ ಎದುರಿಗೇ ಕುಳಿತಿದ್ದರು. ನಿಮ್ಮ ಹಳೆಯ ವಿದ್ಯಾರ್ಥಿನಿ, ಈಗ ಟೀಚರ್ ಎಂದು ಹೇಳಿಕೊಂಡೆ. ಅನ್ನ ಬಡಿಸಲು ಬಂದವನಿಗೆ ಕೈ ಅಡ್ಡ ಹಿಡಿದು, ರೊಟ್ಟಿ ಇನ್ನೆರಡು ತಾ ಎಂದರು. ಜೋಳ ಎಂದರೆ ಅಮೃತ, ನಮ್ಮ ಹಿರಿಯರು ಶಾಣ್ಯಾರಿದ್ದರು, ನಿಮ್ಮ ಶಾಲೆಯ ಮಕ್ಕಳಿಗೂ ಇದನ್ನೇ ಹೇಳಿರಿ ಎಂದು ನನಗೆ ಉಪದೇಶ ಶುರುಮಾಡಿದರು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎನ್ನುತ್ತಾರೆ. ಇವರದು ಆಚಾರವೂ ಬದಲಾಗಿತ್ತು, ಬದನೆಕಾಯಿಯೂ ಬದಲಾಗಿತ್ತು.

"ತಲಿ ದಪ್ಪ ಆಗ್ತದ್ರಿ ಸರ" ಎಂದೆ.

ಅವರು ಹೊಟ್ಟೆ ಕುಣಿಸಿ ನಕ್ಕರು. ಒಳ್ಳೆಯ ಹಾಸ್ಯ ಎಂದರು. ನೀನು ಯಾವ ವರ್ಷದವಳು ಎಂದು ಕೇಳಿದರು. ಅವರಿಗೆ ನೆನಪೇ ಇರಲಿಲ್ಲ. ನಮ್ಮ ಮನೆಯಲ್ಲಿ ಒಂದು ಜೀವ ದಿನವೂ ಹೊತ್ತುಕೊಂಡಿದ್ದ ಮಾತು ಅದನ್ನು ಆಡಿದ ಬಾಯಿಗೇ ಗೊತ್ತಿರಲಿಲ್ಲ. ಅರ್ಧ ಊಟ ಬಿಟ್ಟು ಎದ್ದೆ.

ಆ ಸಂಜೆ ನೇರ ಊರಿಗೆ ಹೋದೆ. ಹೇಳಲೇಬೇಕೆಂದು ಹೋದೆ. ಅವರೇ ಈಗ ರೊಟ್ಟಿ ತಿನ್ನುತ್ತಿದ್ದಾರೆ, ನಿನ್ನ ರೊಟ್ಟಿ ನನ್ನ ತಲೆ ಕೆಡಿಸಿರಲಿಲ್ಲ, ಆಮೇಲೆ ಅನ್ನ ಕೆಟ್ಟದ್ದಕ್ಕೂ ನೀನು ಕಾರಣಳಲ್ಲ ಎಂದು ಬಸ್ಸಿನುದ್ದಕ್ಕೂ ಮಾತು ಹೊಂದಿಸಿಕೊಂಡೆ. ಮನೆ ಮುಟ್ಟುವಾಗಲೂ ಮೈಯಲ್ಲಿ ಉರಿ ಆರಿರಲಿಲ್ಲ. ಕೈಕಾಲು ತೊಳೆದು ಕುಳಿತೆ. ಅವ್ವ ಒಲೆ ಮುಂದಿನಿಂದ ಹೊರಳಿ ನೋಡಿ, ರೊಟ್ಟಿ ನಡೆಯುತ್ತದೇನು, ಇಲ್ಲ ಅನ್ನ ಮಾಡಲೇನು ಎಂದು ಕೇಳಿದಳು.

"ಏನರ ಹಾಕು. ನನ್ನ ತಲಿ ತಿನಬ್ಯಾಡ" ಎಂದು ಒದರಿದೆ.

ಮಧ್ಯಾಹ್ನ ಪಂಕ್ತಿಯಲ್ಲಿ ಒದರಬೇಕಿದ್ದ ಮಾತು. ಅಲ್ಲಿ ಸರ್ ಎಂದೆ, ರಿ ಹಚ್ಚಿ ಮಾತಾಡಿದೆ. ಇಲ್ಲಿ ಒದರಿದೆ.

ಅವ್ವ ಒಲೆಯ ಕಡೆ ಹೊರಳಿದಳು. ಒಂದು ರೊಟ್ಟಿ ಮಾಡಿದಳು, ಒಂದು ಮುಷ್ಟಿ ಅಕ್ಕಿಯನ್ನೂ ಬೇಯಿಸಿದಳು. ತಾಟಿನ ಒಂದು ಕಡೆ ರೊಟ್ಟಿ, ಇನ್ನೊಂದು ಕಡೆ ಅನ್ನ ಇಟ್ಟು ನನ್ನ ಮುಂದೆ ಸರಿಸಿದಳು. ನಾನು ಮೊದಲು ಯಾವುದಕ್ಕೆ ಕೈ ಹಾಕುತ್ತೇನೆಂದು ನೋಡುತ್ತ ನಿಂತಳು. ನಾನು ರೊಟ್ಟಿ ಮುರಿದೆ. ಆಡಬೇಕೆಂದು ತಂದ ಮಾತು ಹಾಗೆಯೇ ಉಳಿಯಿತು. ನಾಳೆ ಹೇಳಿದರಾಯಿತು ಎಂದುಕೊಂಡೆ.

ಅವ್ವ ಅದಾದ ಮೇಲೆ ಎರಡು ವರ್ಷ ಇದ್ದಳು. ನಾನು ಹೇಳಲಿಲ್ಲ. ಅವಳು ಕೇಳುವುದನ್ನು ಬಿಡಲಿಲ್ಲ.